ಸೊಟ್ಟ ನೀರು

ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ
ದಾರಿಯಲ್ಲೆರಡು ಸಲ ವಾಂತಿ ಮಾಡಿಕೊಂಡು ಬಂದ ಆಫೀಸರಮ್ಮ
ಮೊದಲು ಒಂದು ಚೊಂಬು ನೀರು ಕೇಳಿದಳು.
ಕುಡಿದು, ಬಾಯೊರೆಸಿ, ಕಾಗದ ಬಿಚ್ಚಿ ಓದಿದಳು:
ಸೊಟ್ಟು ನೀರ್ ಪಾಸನಂ.

ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ
ನಮ್ಮತ್ತೆ ಕೆಂಪನಂಜಮ್ಮ ಕೈ ನಿಲ್ಲಿಸಿ,
'ಸೊಟ್ಟ ನೀರಾ?
ನೀರು ಯಾವತ್ತು ನೆಟ್ಟಗಿತ್ತು ತಾಯಿ?'

ಅವರ ಹನಿ ನಮಗೆ ಸೊಟ್ಟ.
ತಾಳವಾಡಿಯಲ್ಲಿ ಹೀಗೆ ನಗುವುದಕ್ಕೆ
ವಾರಕ್ಕೊಂದು ಮಾತು ಸಿಗುತ್ತದೆ.
ನೀರು ಸಿಗುವುದು ಎಂಟುನೂರ ನಲವತ್ತು ಅಡಿಗೆ.

ಅತ್ತೆ ನೀರು ಕಟ್ಟಿದವಳು.
ಸೀರೆ ಮೊಣಕಾಲಿಗೆತ್ತಿ ಸಿಕ್ಕಿಸಿ, ಹೆಗಲಿಗೆ ಗುದ್ದಲಿ,
ಒಂದು ಪಾತಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ಬಿಡಿಸಿ,
ಕತ್ತಲಲ್ಲಿ ನೀರು ಎಲ್ಲಿಗೆ ಬಂತೆಂದು
ಹಿಮ್ಮಡಿಯಿಂದ ತಿಳಿದವಳು.
ಅದಕ್ಕೂ ಮೊದಲು ಅವಳ ಮಾವ ಕಪಿಲೆ ಹೊಡೆಯುತ್ತಿದ್ದರಂತೆ.
ಎತ್ತು ದಣಿದರೆ ಬಾವಿಗೂ ಬಿಡುವು.
ಮೋಟರಿಗೆ ದಣಿವಿಲ್ಲವೆಂದು
ನಮಗೆ ತಿಳಿಯುವಷ್ಟರಲ್ಲಿ
ಬಾವಿಯ ತಳದಲ್ಲಿ ಎಕ್ಕ ಹೂ ಬಿಟ್ಟಿತ್ತು.

ಪೈಪು ಬಂತು. ಕರಿ ಸುರುಳಿ.
ಹಿಪ್ಪುನೇರಳೆ ಸಾಲಿಗೊಂದರಂತೆ ನಲವತ್ತೊಂದು ಸಾಲು.
ವಾಲ್ವು ತಿರುಗಿಸಿದರೆ ನೋಡುವುದಕ್ಕೆ ಏನೂ ಇಲ್ಲ,
ಸದ್ದಿಲ್ಲ, ಬಿಸಿಲಿಗೆ ಹೊಳೆಯುವ ಕಾಲುವೆಯಿಲ್ಲ,
ಬುಡದಲ್ಲಿ ರೊಟ್ಟಿಯಗಲ ಮಣ್ಣು ಕಪ್ಪಾಗುತ್ತದೆ, ಅಷ್ಟೆ.
ಅತ್ತೆ ಬಗ್ಗಿ ಬೆರಳಿಟ್ಟು ನೋಡಿದಳು.
'ಇದನ್ನ ನೀರು ಕಟ್ಟೋದು ಅಂದಾರಾ?
ಮಗೀಗೆ ಒಳಲೇಲಿ ಹಾಲು ಹುಯ್ದಂಗದೆ.'

ಶಿವರಾತ್ರಿ ಕಳೆದದ್ದೇ ತಡ, ಪೈಪಿಗೆ ಹಲ್ಲು.
ಕರೆಂಟು ಬಂದ ಕೂಡಲೆ
ಹದಿನೇಳು ಕಡೆ ಪಿಚಕಾರಿ.
ನನ್ನ ಮಡಿಲಲ್ಲಿ ಜಾಯಿನರು, ಡಮ್ಮಿ, ಬ್ಲೇಡು.
ಕತ್ತರಿಸು, ಸೇರಿಸು,
ಕತ್ತರಿಸು, ಸೇರಿಸು.
ಪೈಪಿಗಿಂತ ಗಂಟೇ ಹೆಚ್ಚಾಯಿತು.
ಅಂಗಡಿಯ ಕುಮಾರಸಾಮಿ ಕಣ್ಣಲ್ಲೇ
ವಿಷದ ಪೊಟ್ಟಣ ತೋರಿಸಿದ.
ಮನೆಯವರು ಬಲೆ ಎಂದರು.

ಒಂದು ಮಧ್ಯಾಹ್ನ ಬದುವಿನ ಹೊಂಗೆಯಡಿ ಕೂತು ನೋಡಿದೆ.
ಅಳಿಲು ಪೈಪಿಗೆ ಕೆನ್ನೆಯಾನಿಸಿ
ಉದ್ದಕ್ಕೆ ಮಲಗಿತ್ತು, ಬಾಲ ಅಲ್ಲಾಡದೆ.
ನಿಂತುಹೋದ ನೀರು ಒಳಗೆ ಎಲ್ಲಿ ಉಳಿದಿದೆಯೆಂದು
ಅದಕ್ಕೆ ಗೊತ್ತು.
ಎರಡು ಮೊಳ ಸರಿಯಿತು. ಮತ್ತೆ ಕೆನ್ನೆ.
ಆಮೇಲೆ ಕಚ್ಚಿತು.

ಮಾರನೆಯ ದಿನ ಅಟ್ಟದ ಒಡಕು ಮಡಕೆಗಳನ್ನೆಲ್ಲ ಇಳಿಸಿ
ಎರಡು ಸಾಲಿಗೊಂದು ಬೋಕಿ,
ಕಡೆಯ ಹನಿಯ ಕೆಳಗೆ, ನೆರಳು ನೋಡಿ ಇಟ್ಟೆ.
ದಿನಕ್ಕೆ ನಾಲ್ಕು ಬಿಂದಿಗೆ ಹೋಗುತ್ತದೆ, ಲೆಕ್ಕ ಹಾಕಿದೆ.
ಪಿಚಕಾರಿಗಳಲ್ಲಿ ಹೋದದ್ದನ್ನು
ಲೆಕ್ಕ ಹಾಕಲು ಧೈರ್ಯವಾಗಲಿಲ್ಲ.

ಹದಿನೇಳು ಐದಾಯಿತು, ಐದು ಎರಡಾಯಿತು.
ಎರಡು ಎರಡಾಗಿಯೇ ಉಳಿದಿದೆ.
ಯಾವುದೋ ಒಂದಕ್ಕೆ ಬೋಕಿಯ ನೀರು ರುಚಿಸುವುದಿಲ್ಲ.
ಮೈನಾ ಬಂತು, ಕೆಂಬೂತ ಬಂತು,
ಒಂದು ಬೋಕಿಯಲ್ಲಿ ಜೇನುಹುಳ ಬಿದ್ದು ಸತ್ತವೆಂದು
ಅತ್ತೆ ಅದಕ್ಕೊಂದು ಕಲ್ಲು ಹಾಕಿದಳು,
ಕಾಲೂರಿ ಕುಡಿಯಲಿ ಅಂತ.

ನೆನ್ನೆ ತ್ರೀ ಫೇಸು ಬಂದದ್ದು ರಾತ್ರಿ ಎರಡಕ್ಕೆ.
ಟಾರ್ಚಿನ ಸೆಲ್ಲು ಮುಗಿದಿತ್ತು.
ಕಣ್ಣಿಗೆ ಪೊರೆ ಬಂದ ಮುದುಕಿ
ಬರಿಗಾಲಲ್ಲಿ ನನ್ನ ಹಿಂದೆಯೇ ಬಂದಳು. ಬೇಡವೆಂದರೂ.
ಸಾಲುಸಾಲಿನ ನಡುವೆ ಮೆಲ್ಲಗೆ, ಹಿಮ್ಮಡಿಯೂರಿ,
ಹೆಜ್ಜೆಗೊಮ್ಮೆ ನಿಂತು,
ಮಣ್ಣಿನ ಮಾತಿಗೆ ಹೂಂಗುಟ್ಟುವವಳ ಹಾಗೆ.

ಇಪ್ಪತ್ತಾರನೆಯ ಸಾಲಿನಲ್ಲಿ ನಿಂತೇಬಿಟ್ಟಳು.
'ಇಲ್ಲದೆ ನೋಡು,' ಎಂದಳು.
ನಾನು ಮಡಿಲೊಳಗೆ ಬ್ಲೇಡು ತಡವಿದೆ.